ಸಚಿತ್ರ ರೇಡಿಯೋ: ಕಾರ್ಟೂನ್ ಚಿತ್ರಗಳ ಚರಿತ್ರೆಯಲ್ಲಿ 1957ನೆಯ ವರ್ಷ

ರೇಡಿಯೋ ನಾಟಕಗಳನ್ನು ಕೇಳುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಬಾಗಿಲು ಕಿರ್ರೆಂದ ಸದ್ದು ಬಂದರೆ ಸಾಕು, ಬಾಗಿಲೂ ಕಾಣುತ್ತದೆ, ಅದನ್ನು ತೆರೆದವನೂ ಕಾಣುತ್ತಾನೆ. ಮುದುಕಿಯೊಬ್ಬಳು ಕೆಮ್ಮಿ ಮಾತನಾಡಿದರೆ ಅವಳ ಬಾಗಿದ ಬೆನ್ನನ್ನೂ ಕೈಯ ಕೋಲನ್ನೂ ನಾವೇ ಒದಗಿಸಿಕೊಳ್ಳುತ್ತೇವೆ. ನಾಟಕದವರು ಕೊಟ್ಟದ್ದು ದನಿ ಮಾತ್ರ, ಚಿತ್ರ ನಮ್ಮದು. ಕೇಳುವವರ ಈ ಶಕ್ತಿಯನ್ನು ನೆಚ್ಚಿಕೊಂಡು ಬೇರೊಂದು ಕಲೆ ತನ್ನ ಕಷ್ಟಕಾಲವನ್ನು ದಾಟಿತೆಂದರೆ ನಿಮಗೆ ಆಶ್ಚರ್ಯವಾದೀತು. ಆ ಕಲೆ ಕಾರ್ಟೂನ್ ಚಲಚ್ಚಿತ್ರ. ಆ ಕಾಲ 1957ನೆಯ ವರ್ಷ. ಆ ಸ್ಥಳ ಮುಖ್ಯವಾಗಿ ಅಮೆರಿಕದ ಹಾಲಿವುಡ್.

ಮೊದಲು ಈ ಚಿತ್ರಗಳು ಆಗುವ ಬಗೆಯನ್ನು ತಿಳಿಯೋಣ. ಸಿನಿಮಾ ಫಿಲ್ಮಿನಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆಂಬುದು ಅನೇಕರಿಗೆ ಗೊತ್ತು. ಆ ಲೆಕ್ಕದಲ್ಲಿ ಏಳು ನಿಮಿಷದ ಒಂದು ಸಣ್ಣ ಕಾರ್ಟೂನಿಗೆ 10,080 ಚಿತ್ರಗಳಾದವು. ಒಂದೊಂದು ಚಿತ್ರವನ್ನು ಎರಡೆರಡು ಸಲ ಕ್ಯಾಮೆರಾಕ್ಕೆ ಒಡ್ಡಿ ಮಿತವ್ಯಯ ಮಾಡಿದರೂ, ಒಂದು ಪಾತ್ರ ಮೊದಲಿಂದ ಕೊನೆಯವರೆಗೆ ಕುಣಿಯುತ್ತಿರಬೇಕಾದರೆ ಅದನ್ನು 5,040 ಸಲ ಬರೆಯಬೇಕು. ಎರಡು ಪಾತ್ರಗಳಾದರೆ ಅದರ ಇಮ್ಮಡಿ. ಹೀಗೆ ಬರೆದುದನ್ನು ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಮಸಿಯಲ್ಲಿ ತಿದ್ದಿ, ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು ಒಂದೊಂದಾಗಿ ಫೋಟೋ ತೆಗೆಯಬೇಕು. ನಾವು ಏಳು ನಿಮಿಷ ನಕ್ಕು ಎದ್ದುಹೋಗುವುದಕ್ಕಾಗಿ ಹಲವು ಜನ ವಾರಗಟ್ಟಲೆ ಬೆನ್ನು ಬಗ್ಗಿಸಿ ಕೂತಿರುತ್ತಿದ್ದರು.

ಇಂಗ್ಲಿಷಿನಲ್ಲಿ ಈ ಕಲೆಗೆ ಆನಿಮೇಷನ್ ಎಂದು ಹೆಸರು. ಎವೆಯಿಕ್ಕದ ದೇವತೆಗಳನ್ನು ಹೇಳುವ ನಮ್ಮ ‘ಅನಿಮೇಷ’ ಶಬ್ದಕ್ಕೂ ಇದಕ್ಕೂ ನಂಟಿಲ್ಲ. ಕಿವಿಗೆ ಹತ್ತಿರವಾದುದೆಲ್ಲ ನೆಂಟತನವಲ್ಲ. ಇದು ಲ್ಯಾಟಿನ್ ಭಾಷೆಯ ‘ಆನಿಮಾ’ ಎಂಬುದರಿಂದ ಬಂದದ್ದು. ಉಸಿರು, ಪ್ರಾಣ ಎಂದು ಅದರ ಅರ್ಥ. ಉಸಿರಾಡು ಎಂಬರ್ಥದ ಸಂಸ್ಕೃತದ ‘ಅನ್’ ಧಾತುವಿಗೂ ಆ ಲ್ಯಾಟಿನ್ ಶಬ್ದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ನಮ್ಮ ‘ಪ್ರಾಣ’, ‘ಅನಿಲ’ ಎಂಬ ಶಬ್ದಗಳು ಆ ಧಾತುವಿನ ಮಕ್ಕಳು. ಆದುದರಿಂದ ಆನಿಮೇಷನ್ ಎಂದರೆ ಗೆರೆಗೆ ಉಸಿರೂದುವುದು ಎನ್ನಬಹುದು. 1957ರವರೆಗೆ ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳು ಈ ಉಸಿರನ್ನು ಹೆಚ್ಚಾಗಿ ಕೈಯಿಂದ ಊದುತ್ತಿದ್ದವು. ಆ ವರ್ಷದಿಂದ ಬಾಯಿಂದ ಊದುವುದು ಬಲವಾಯಿತು.

ಇದಕ್ಕೆ ಕಾರಣ ಹಣದ ಲೆಕ್ಕ. ಕಾರ್ಟೂನುಗಳು ಮೊದಲು ಥಿಯೇಟರಿನಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ತೋರಿಸುವ ತುಣುಕುಗಳಾಗಿದ್ದವು. ಚಿತ್ರಸಂಸ್ಥೆಗಳು ದೊಡ್ಡ ಚಿತ್ರದ ಜೊತೆಗೆ ಇವನ್ನೂ ಕಟ್ಟಿಕಳುಹಿಸಿ ಬಾಡಿಗೆ ವಸೂಲು ಮಾಡುತ್ತಿದ್ದವು. ಹೀಗೆ ಗಂಟುಹಾಕಿ ಮಾರುವ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ತಡೆಯಿತು. ಅದರ ಹಿಂದೆಯೇ ಟೆಲಿವಿಷನ್ ಬಂತು. 1950ರಲ್ಲಿ ಅಲ್ಲಿ ನೂರಕ್ಕೆ 10 ಮನೆಗಳಲ್ಲೂ ಇರದಿದ್ದ ಆ ಪೆಟ್ಟಿಗೆ 1957ರ ವೇಳೆಗೆ ನೂರಕ್ಕೆ 75ಕ್ಕೂ ಹೆಚ್ಚು ಮನೆಗಳನ್ನು ಹೊಕ್ಕಿತ್ತು. ಥಿಯೇಟರುಗಳ ಗಳಿಕೆ ಇಳಿಯಿತು. ಕಾರ್ಟೂನಿನ ಖರ್ಚು ಮಾತ್ರ ಇಳಿಯಲಿಲ್ಲ.

ಈ ಬಿರುಗಾಳಿಗೆ ಮುಖ್ಯವಾಗಿ ಸಿಕ್ಕಿದವರು ವಿಲಿಯಂ ಹನ್ನಾ, ಜೋಸೆಫ್ ಬಾರ್ಬೆರಾ ಎಂಬಿಬ್ಬರು. ಎಂ.ಜಿ.ಎಂ. ಸಂಸ್ಥೆಯಲ್ಲಿದ್ದುಕೊಂಡು 1940ರಿಂದ ಟಾಮ್ ಎಂಬ ಬೆಕ್ಕು, ಜೆರ್ರಿ ಎಂಬ ಇಲಿ, ಇವುಗಳ ತೀರದ ಜಗಳವನ್ನು ತೆರೆಯ ಮೇಲೆ ತಂದವರು ಇವರೇ. ಆ ಸರಣಿಗೆ ಏಳು ಆಸ್ಕರ್ ಪ್ರಶಸ್ತಿಗಳು ಬಂದಿದ್ದವು. ಆದರೆ ಹಳೆಯ ಕಾರ್ಟೂನುಗಳನ್ನೇ ಮತ್ತೆ ಬಿಡುಗಡೆ ಮಾಡಿದರೂ ಹೆಚ್ಚುಕಡಿಮೆ ಹೊಸದರಷ್ಟೇ ಹಣ ಬರುತ್ತದೆಂದು ಸಂಸ್ಥೆಯ ಲೆಕ್ಕಿಗರು ಕಂಡುಕೊಂಡರು. ಹೊಸದನ್ನು ಏಕೆ ಮಾಡಬೇಕು? 1957ರಲ್ಲಿ ಎಂ.ಜಿ.ಎಂ. ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿತು. ಕೈಗಳು ಚೆನ್ನಾಗಿ ಕೆಲಸ ಮಾಡಿದ್ದೇ ಆ ಕೈಗಳಿಗೆ ಮುಳುವಾಯಿತು: ಹಳೆಯ ಚಿತ್ರಗಳು ಮಾಸಿದ್ದರೆ ಹೊಸವು ಬೇಕಾಗುತ್ತಿದ್ದವು.

ಆ ವರ್ಷದ ಜುಲೈ ತಿಂಗಳಿನ ಎರಡು ದಿನಗಳನ್ನು ಜೋಡಿಸಿ ನೋಡಬೇಕು. ಜುಲೈ 6ರಂದು ವಾರ್ನರ್ ಸಂಸ್ಥೆಯ ‘ವಾಟ್ಸ್ ಆಪೆರಾ, ಡಾಕ್?’ ಎಂಬ ಕಾರ್ಟೂನ್ ಬಿಡುಗಡೆಯಾಯಿತು. ಅದರ ನಿರ್ದೇಶಕ ಚಕ್ ಜೋನ್ಸ್. ಬಗ್ಸ್ ಬನ್ನಿ ಎಂಬ ಮೊಲವನ್ನೂ ಅದನ್ನು ಬೇಟೆಯಾಡುವ ಎಲ್ಮರ್ ಎಂಬವನನ್ನೂ ಜರ್ಮನಿಯ ವಾಗ್ನರನ ಗಂಭೀರ ಸಂಗೀತನಾಟಕದೊಳಗೆ ಇಳಿಸಿ, ಗಂಟೆಗಟ್ಟಲೆ ನಡೆಯುವ ಆ ವೈಭವವನ್ನು ಏಳು ನಿಮಿಷಕ್ಕೆ ಹಿಂಡಿದ ಚಿತ್ರವದು. ಒಂದು ಕಾರ್ಟೂನಿಗೆ ಗೊತ್ತುಪಡಿಸಿದ್ದ ವಾರಗಳು ಇದಕ್ಕೆ ಸಾಲದೆ, ಕೆಲಸಗಾರರು ತಮ್ಮ ಹಾಜರಿ ಲೆಕ್ಕದಲ್ಲಿ ಬೇರೊಂದು ಚಿತ್ರದ ಹೆಸರು ಬರೆದು, ಅದರ ಸಮಯವನ್ನು ಇದಕ್ಕೆ ಸುರಿದರೆಂದು ಜೋನ್ಸರೇ ಮುಂದೆ ಹೇಳಿದ್ದಾರೆ. ಅಮೆರಿಕವು ರಾಷ್ಟ್ರೀಯ ಸಂಪತ್ತೆಂದು ಕಾಪಿಡುವ ಚಲಚ್ಚಿತ್ರಗಳ ಪಟ್ಟಿಗೆ 1992ರಲ್ಲಿ ಇದು ಸೇರಿತು.

ಮರುದಿನ, ಜುಲೈ 7ರಂದು, ಕೆಲಸ ಕಳೆದುಕೊಂಡಿದ್ದ ಹನ್ನಾ ಮತ್ತು ಬಾರ್ಬೆರಾ ತಮ್ಮದೇ ಕಂಪನಿಯನ್ನು ಪ್ರಾರಂಭಿಸಿದರು. ಹಳೆಯ ದಾರಿಯ ಶಿಖರ ಒಂದು ದಿನ, ಹೊಸ ದಾರಿಯ ಮೊದಲ ಹೆಜ್ಜೆ ಮರುದಿನ. ಆ ದಾರಿ ಟೆಲಿವಿಷನ್ನಿನದು. ಕೊಲಂಬಿಯಾ ಚಿತ್ರಸಂಸ್ಥೆಯ ಟೆಲಿವಿಷನ್ ಅಂಗವಾದ ಸ್ಕ್ರೀನ್ ಜೆಮ್ಸ್ ಇವರ ಬೆಂಬಲಕ್ಕೆ ಬಂತು. ಆದರೆ ಐದು ನಿಮಿಷದ ಒಂದು ಕಂತಿಗೆ ದೊರೆತದ್ದು 3,000 ಡಾಲರುಗಳ ಆಸುಪಾಸು. ಟಾಮ್ ಮತ್ತು ಜೆರ್ರಿಯ ಒಂದೊಂದು ಚಿತ್ರಕ್ಕೂ ಹತ್ತಾರು ಸಾವಿರ ಡಾಲರು ಸುರಿದಿದ್ದವರಿಗೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹೀಗಿದ್ದೂ ಅದೇ ವರ್ಷದ ಡಿಸೆಂಬರ್ 14ರಂದು ‘ರಫ್ ಅಂಡ್ ರೆಡ್ಡಿ’ ಎಂಬ ಅವರ ಮೊದಲ ಕಾರ್ಯಕ್ರಮ ಎನ್.ಬಿ.ಸಿ. ಜಾಲದಲ್ಲಿ ಪ್ರಸಾರವಾಯಿತು. ರಫ್ ಒಂದು ಬೆಕ್ಕು, ರೆಡ್ಡಿ ಒಂದು ನಾಯಿ.

ಇದು ಸಾಧ್ಯವಾದದ್ದು ಹೇಗೆ? ಚಿತ್ರಗಳ ಸಂಖ್ಯೆಯನ್ನು ಇಳಿಸಿದ್ದರಿಂದ. ಪಾತ್ರ ಮಾತನಾಡುವಾಗ ಮೈಯೆಲ್ಲ ಅಲುಗಬೇಕಾಗಿಲ್ಲ. ಬಾಯಿ ಅಲುಗಿದರೆ ಸಾಕು. ಮೈಯನ್ನು ಒಂದು ಹಾಳೆಯ ಮೇಲೆ ಬರೆದಿಟ್ಟು, ಬಾಯಿಯ ಕೆಲವೇ ಆಕಾರಗಳನ್ನು ಬೇರೆ ಹಾಳೆಗಳ ಮೇಲೆ ಬರೆದುಕೊಂಡು, ಮಾತಿಗೆ ತಕ್ಕಂತೆ ಬದಲಾಯಿಸಿದರು. ಆಗಾಗ ಕಣ್ಣು ಮಿಟುಕಿಸಿದರೆ ಪಾತ್ರಕ್ಕೆ ಜೀವವಿದೆಯೆಂದು ನಾವು ನಂಬುತ್ತೇವೆ. ಓಡುವಾಗ ಕಾಲಿನ ಅದೇ ಕೆಲವು ಚಿತ್ರಗಳು ಮರಳಿ ಮರಳಿ ಬರುತ್ತವೆ. ಹಿಂದಿನ ಮರ, ಮನೆಗಳೂ ಸುತ್ತಿ ಬರುತ್ತವೆ. ಇವರ ಮುಂದಿನ ಪಾತ್ರಗಳನೇಕಕ್ಕೆ ಕೊರಳಲ್ಲಿ ಟೈ ಅಥವಾ ಪಟ್ಟಿ ಇರುವುದನ್ನು ನೀವು ನೋಡಿರಬಹುದು. ಕಾಡಿನ ಕರಡಿಗೆ ಟೈ ಏಕೆ? ತಲೆಯ ಹಾಳೆಯೂ ಮೈಯ ಹಾಳೆಯೂ ಕೂಡುವ ಗೆರೆಯನ್ನು ಮುಚ್ಚುವುದಕ್ಕೆ. ತಲೆಯೊಂದನ್ನೇ ಬದಲಾಯಿಸಿ ಮೈಯನ್ನು ಇದ್ದಂತೆ ಬಿಡಬಹುದು.

ನಮ್ಮ ತೊಗಲುಬೊಂಬೆಯಾಟವನ್ನು ನೋಡಿದವರಿಗೆ ಇದು ತೀರ ಹೊಸದೆನಿಸದು. ಬೊಂಬೆಯಲ್ಲಿ ಆಡುವ ಕೀಲುಗಳು ಕೆಲವೇ. ರಾವಣನ ಕೋಪವೆಲ್ಲ ಬರುವುದು ಪರದೆಯ ಹಿಂದೆ ಕುಳಿತವನ ಗಂಟಲಿನಿಂದ. ಹಾಲಿವುಡ್ಡಿನಲ್ಲಿ ಆ ಗಂಟಲನ್ನು ಕೊಟ್ಟದ್ದು ರೇಡಿಯೋ.

ಇದಕ್ಕೆ ಮುನ್ಸೂಚನೆಯೂ ಇತ್ತು. ಯು.ಪಿ.ಎ. ಎಂಬ ಸಂಸ್ಥೆ 1950ರಲ್ಲಿ ‘ಜೆರಾಲ್ಡ್ ಮ್ಯಾಕ್‌ಬೋಯಿಂಗ್-ಬೋಯಿಂಗ್’ ಎಂಬ ಕಾರ್ಟೂನನ್ನು ತೆಗೆದಿತ್ತು. ಗೆರೆಗಳು ಬಹು ಕಡಿಮೆ. ಕೆಲವೆಡೆ ಕೋಣೆಗೆ ಗೋಡೆಗಳೂ ಇಲ್ಲ. ಅದರ ನಾಯಕ ಒಬ್ಬ ಪುಟ್ಟ ಹುಡುಗ. ಅವನ ಬಾಯಿಂದ ಮಾತು ಹೊರಡುವುದಿಲ್ಲ, ಬರೀ ಸದ್ದುಗಳು ಹೊರಡುತ್ತವೆ. ಮನೆಯವರಿಗೂ ಶಾಲೆಯವರಿಗೂ ಬೇಡವಾದ ಆ ಮಗುವಿಗೆ ಕೊನೆಗೆ ಕೆಲಸವೂ ಮನ್ನಣೆಯೂ ಸಿಕ್ಕುವುದೆಲ್ಲಿ? ಒಂದು ರೇಡಿಯೋ ಸ್ಟೇಷನ್ನಿನಲ್ಲಿ! ಆಸ್ಕರ್ ಪಡೆದ ಆ ಚಿತ್ರ ಕಡಿಮೆ ಗೆರೆಯನ್ನು ಕಲೆಯ ಸೊಗಸಿಗಾಗಿ ಆರಿಸಿಕೊಂಡಿತ್ತು. ಹನ್ನಾ, ಬಾರ್ಬೆರಾ ಅದೇ ಮಿತವ್ಯಯವನ್ನು ಹೊಟ್ಟೆಪಾಡಿಗಾಗಿ ಹಿಡಿದರು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ಟಾಮ್ ಮತ್ತು ಜೆರ್ರಿ ಹದಿನೇಳು ವರ್ಷ ಹೆಚ್ಚುಕಡಿಮೆ ಮೂಕರಾಗಿದ್ದರು. ಟಾಮ್ ನೋವಿನಿಂದ ಕೂಗುವ ಕೂಗು ಸ್ವತಃ ಹನ್ನಾ ಅವರದು. ಮಿಕ್ಕಂತೆ ಸಂಗೀತವೂ ಕುಣಿತವೂ ಕಥೆಯನ್ನು ನಡೆಸುತ್ತಿದ್ದವು. ಆ ಇಬ್ಬರೇ ಮಾಡಿದ ರಫ್ ಮತ್ತು ರೆಡ್ಡಿಯಾದರೋ ಬಾಯಿ ಮುಚ್ಚುವುದಿಲ್ಲ. ರಫ್‌ನ ದನಿ ಡಾನ್ ಮೆಸ್ಸಿಕ್, ರೆಡ್ಡಿಯ ದನಿ ಡಾಸ್ ಬಟ್ಲರ್. ಇಬ್ಬರೂ ರೇಡಿಯೋದಲ್ಲಿ ಪಳಗಿದವರು. ಟೆಲಿವಿಷನ್ನಿನ ಹೊಡೆತಕ್ಕೆ ಅಮೆರಿಕದ ರೇಡಿಯೋ ನಾಟಕಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲವದು. ಒಬ್ಬನೇ ಹತ್ತು ಜನರಂತೆ ಮಾತನಾಡಬಲ್ಲ, ಮುಖ ತೋರದೆ ನಗಿಸಬಲ್ಲ, ಅಳಿಸಬಲ್ಲ ನಟರಿಗೆ ಕೆಲಸ ಕಡಿಮೆಯಾಗುತ್ತಿತ್ತು. ಅಲುಗಲಾರದ ಚಿತ್ರಕ್ಕೆ ದನಿ ಬೇಕಾಗಿತ್ತು, ದನಿಗೆ ಒಂದು ಮೈ ಬೇಕಾಗಿತ್ತು. 1960ರ ಸೆಪ್ಟೆಂಬರ್ 30ರಂದು ಮೊದಲಾದ ‘ದಿ ಫ್ಲಿಂಟ್‌ಸ್ಟೋನ್ಸ್’ ಧಾರಾವಾಹಿಯನ್ನೇ ನೋಡಿ. ಶಿಲಾಯುಗದ ಎರಡು ಸಂಸಾರಗಳ ಆ ನಾಲ್ಕು ಮುಖ್ಯ ಪಾತ್ರಗಳಿಗೆ ದನಿಯಾದ ಅಲನ್ ರೀಡ್, ಜೀನ್ ವ್ಯಾಂಡರ್ ಪೈಲ್, ಮೆಲ್ ಬ್ಲಾಂಕ್, ಬೀ ಬೆನಡೆರೆಟ್, ನಾಲ್ವರೂ ರೇಡಿಯೋ ನಾಟಕಗಳಿಂದ ಬಂದವರೇ. ಅದಕ್ಕೂ ಮೊದಲು, 1958ರಲ್ಲಿ ಪ್ರಾರಂಭವಾದ ‘ಹಕಲ್‌ಬೆರ್ರಿ ಹೌಂಡ್’ಗೆ 1960ರಲ್ಲಿ ಎಮ್ಮಿ ಪ್ರಶಸ್ತಿ ಬಂತು; ಕಾರ್ಟೂನಿಗೆ ಆ ಗೌರವ ಅದೇ ಮೊದಲು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ಆ ಬಳಿಕ ಬಂದ ಅಗ್ಗದ ಟೆಲಿವಿಷನ್ ಕಾರ್ಟೂನುಗಳನ್ನು ಚಕ್ ಜೋನ್ಸ್ ‘ಸಚಿತ್ರ ರೇಡಿಯೋ’ ಎಂದು ಕರೆದರು. ಚಿತ್ರವನ್ನು ಆರಿಸಿ ದನಿಯನ್ನು ಮಾತ್ರ ಕೇಳಿದರೂ ಕಥೆ ತಿಳಿಯುತ್ತದೆ. ಹಾಗಾದರೆ ಚಿತ್ರ ಏಕೆ ಬೇಕು ಎಂಬುದು ಅವರ ಆಕ್ಷೇಪ. ರೇಡಿಯೋ ಕೇಳುವವರಾದ ನಮಗೆ ಇದು ಬೈಗುಳವೋ ಹೊಗಳಿಕೆಯೋ ಎಂದು ಸಂದೇಹ ಬರುವುದು ಸಹಜ. ಆದರೆ ಆಕ್ಷೇಪದಲ್ಲಿ ತಿರುಳಿದೆ. ನಡಿಗೆಯೊಂದರಿಂದಲೇ ಗರ್ವವನ್ನೂ, ಕಿವಿಯ ಅಲುಗಾಟದಿಂದಲೇ ಭಯವನ್ನೂ ತೋರಿಸಬಲ್ಲ ಕೈಗಳು ಇದ್ದುವು. ಅವುಗಳ ವಿದ್ಯೆ ದಿನದಿನದ ಕೆಲಸದಿಂದ ಬೆಳೆದದ್ದು. ಕೆಲಸ ನಿಂತರೆ ವಿದ್ಯೆಯೂ ನಿಲ್ಲುತ್ತದೆ. 1963ರಲ್ಲಿ ವಾರ್ನರ್ ಸಂಸ್ಥೆಯ ಕಾರ್ಟೂನ್ ವಿಭಾಗವೂ ಮುಚ್ಚಿತು.

1957ರಲ್ಲಿ ಥಿಯೇಟರಿನ ಟಿಕೆಟ್ಟನ್ನೂ ಟೆಲಿವಿಷನ್ನಿನ ಜಾಹೀರಾತನ್ನೂ ನೆಚ್ಚದೆ ಸರ್ಕಾರದ ಹಣದಿಂದ ನಡೆದ ಕೆಲಸವೂ ಉಂಟು. ಸೋವಿಯತ್ ದೇಶದಲ್ಲಿ ಲೆವ್ ಅತಮಾನೊವ್ ಅವರು ಆಂಡರ್ಸನ್ನನ ಕಥೆಯನ್ನು ಆಧರಿಸಿದ ‘ಹಿಮರಾಣಿ’ ಚಿತ್ರವನ್ನು ಆ ವರ್ಷ ತಂದರು. ಮುಂದೆ ಜಪಾನಿನ ಹಯಾವೊ ಮಿಯಜಾಕಿ ಅವರಿಗೆ ಈ ಕಲೆಯಲ್ಲೇ ಉಳಿಯುವ ನಿಶ್ಚಯವನ್ನು ಕೊಟ್ಟ ಚಿತ್ರ ಅದು. ನಮ್ಮ ದೇಶದಲ್ಲಿ ಆಗ ಟೆಲಿವಿಷನ್ ಇನ್ನೂ ಬಂದಿರಲಿಲ್ಲ. ದೆಹಲಿಯಲ್ಲಿ ಅದರ ಪ್ರಯೋಗ ಮೊದಲಾದದ್ದು 1959ರ ಸೆಪ್ಟೆಂಬರ್ 15ರಂದು. ಆದರೆ ಮುಂಬಯಿಯ ಫಿಲ್ಮ್ಸ್ ಡಿವಿಷನ್ ಒಂದು ಕಾರ್ಟೂನ್ ವಿಭಾಗವನ್ನು ತೆರೆದಿತ್ತು. ಆಗ ಆಕಾಶವಾಣಿ ಸೇರಿದ್ದ ಸಚಿವಾಲಯಕ್ಕೇ ಸೇರಿದ್ದ ಸಂಸ್ಥೆ ಅದು. ಡಿಸ್ನಿ ಸಂಸ್ಥೆಯಲ್ಲಿ ಕೆಲಸಮಾಡಿದ್ದ, ಭಾರತದಲ್ಲೇ ಹುಟ್ಟಿದ್ದ ಕ್ಲೇರ್ ವೀಕ್ಸ್ ಬಂದು ನಮ್ಮ ತರುಣರಿಗೆ ಪಾಠ ಹೇಳಿಕೊಟ್ಟರು. ಅಲ್ಲಿ 1957ರಲ್ಲಿ ಆದ ಚಿತ್ರ ‘ದಿ ಬನ್ಯನ್ ಡೀರ್’, ಅಂದರೆ ಜಾತಕಕಥೆಗಳ ನ್ಯಗ್ರೋಧಮೃಗ. ಬಸುರಿಯಾದ ಜಿಂಕೆಯ ಸರದಿಯಲ್ಲಿ ತನ್ನ ಕೊರಳನ್ನೇ ಒಡ್ಡಿ ಕಾಶಿಯ ಅರಸನ ಮನಸ್ಸನ್ನು ಕರಗಿಸಿದ ಮೃಗರಾಜನ ಕಥೆ ನಿಮಗೆ ತಿಳಿದದ್ದೇ. ಆ ವಿಭಾಗದಲ್ಲಿ ಪಳಗಿದ ರಾಮಮೋಹನ್ ಮುಂದೆ ಭಾರತೀಯ ಆನಿಮೇಷನ್ನಿನ ಹಿರಿಯರೆನಿಸಿದರು.

ಹೀಗೆ ಒಂದೇ ವರ್ಷದಲ್ಲಿ ಒಂದು ಕಲೆ ಹಲವು ಕವಲಾಯಿತು. ಎಲ್ಲಕ್ಕಿಂತ ದೂರ ಹೋದದ್ದು ದನಿಯನ್ನು ನಂಬಿದ ಕವಲು. ಜಪಾನಿನಲ್ಲಿ 1963ರ ಜನವರಿ 1ರಂದು ಮೊದಲಾದ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಕೂಡ ಕಡಿಮೆ ಚಿತ್ರಗಳಿಂದ ಹೆಚ್ಚು ಕಥೆ ಹೇಳುವ ಇಂಥದೇ ಮಾರ್ಗ ಹಿಡಿಯಿತು. ನಷ್ಟವಾಗಲಿಲ್ಲವೆಂದು ಹೇಳಲಾರೆವು. ಆದರೆ ಎಂ.ಜಿ.ಎಂ. ಹೊರಗೆ ಕಳುಹಿಸಿದ ಚಿತ್ರಗಾರರಲ್ಲಿ ಅನೇಕರಿಗೆ ಮತ್ತೆ ಪೆನ್ಸಿಲು ಹಿಡಿಯುವ ಅವಕಾಶ ಸಿಕ್ಕಿದ್ದು ಈ ಬಡ ಕಾರ್ಟೂನುಗಳಿಂದಲೇ. ದನಿಯೂ ಕಥೆಯೂ ಗಟ್ಟಿಯಾಗಿದ್ದಲ್ಲಿ ಚಿತ್ರದ ಬಡತನ ಕಣ್ಣಿಗೆ ಬೀಳಲಿಲ್ಲ. ಅವೂ ಜಾಳಾದಲ್ಲಿ ಎಲ್ಲವೂ ಬಯಲಾಯಿತು.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಮನೆಯ ಮಕ್ಕಳು ಕಾರ್ಟೂನ್ ನೋಡುತ್ತಿರುವಾಗ ಪಕ್ಕದಲ್ಲಿ ಕುಳಿತು ಎರಡು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಆಮೇಲೆ ಎರಡು ನಿಮಿಷ ದನಿಯನ್ನು ನಿಲ್ಲಿಸಿ, ನೋಡಿ. ಆ ಚಿತ್ರ ಕೈಯಿಂದ ಬದುಕಿದೆಯೋ ಬಾಯಿಂದ ಬದುಕಿದೆಯೋ ಗೊತ್ತಾಗುತ್ತದೆ. ದನಿ ನಿಲ್ಲಿಸಿದ್ದಕ್ಕೆ ಮಕ್ಕಳು ಗಲಾಟೆ ಮಾಡಿದರೆ ಉತ್ತರ ಅಲ್ಲೇ ಸಿಕ್ಕಿತು.