ಸೀಟು 60, ಬಂದವರು 73

ಕಳೆದ ಫೆಸ್ಟ್‌ಗೆ ರಿಜಿಸ್ಟ್ರೇಷನ್ ಸೈಟ್ ಮಾಡಿದ್ದು ನಾನೇ. ವರ್ಕ್‌ಶಾಪ್‌ಗೆ 60 ಸೀಟು, ಹೆಸರು ಕೊಟ್ಟವರು 73! ಸೀಟು ತುಂಬಿತಾ ಅನ್ನೋ ಚೆಕ್ಕನ್ನು ಫಾರ್ಮ್ ಪುಟದೊಳಗೇ ಬರೆದಿದ್ದೆ. ಆಮೇಲೆ ಸ್ಪಾಟ್ ರಿಜಿಸ್ಟ್ರೇಷನ್‌ಗೆ ಇನ್ನೊಂದು ಪುಟ ಮಾಡಿದಾಗ ಅದನ್ನು ಹಾಕೋದೇ ಮರೆತೆ. 13 ಜನರ ಕೈಲಿ ಬೈಸಿಕೊಂಡ ಮೇಲೆ ಎಂವಿಸಿ ಯಾಕೆ ಬೇಕು ಅಂತ ಅರ್ಥ ಆಯ್ತು.

ಮಾಡೆಲ್ ಅಂದ್ರೆ ಡೇಟಾ ಮತ್ತು ಅದರ ನಿಯಮಗಳು. ವ್ಯೂ ಅಂದ್ರೆ ಕಣ್ಣಿಗೆ ಕಾಣೋ ಪುಟ. ಕಂಟ್ರೋಲರ್ ನಾವು ಒತ್ತಿದ್ದನ್ನು ಮಾಡೆಲ್‌ಗೆ ಮುಟ್ಟಿಸಿ, ಬಂದ ಉತ್ತರಕ್ಕೆ ತಕ್ಕ ವ್ಯೂ ಆರಿಸುತ್ತೆ. ಸೀಟಿನ ಲೆಕ್ಕ ಮಾಡೆಲ್‌ನಲ್ಲಿದ್ದರೆ ಪುಟ ಎಷ್ಟೇ ಇರಲಿ, ನಾಳೆ ಆ್ಯಪ್ ಬರಲಿ, ಎಲ್ಲರೂ ಅದನ್ನು ದಾಟಿಯೇ ಹೋಗಬೇಕು. (ಇಬ್ಬರು ಒಂದೇ ಕ್ಷಣಕ್ಕೆ ಒತ್ತಿದರೆ? ಅದಕ್ಕೆ ಡೇಟಾಬೇಸ್ ಲಾಕ್ ಬೇಕು, ಅದು ಬೇರೆ ಕಥೆ.)

ಈ ಐಡಿಯಾ ವೆಬ್‌ಗಿಂತ ಹಳೇದು. 1979ರಲ್ಲಿ ಝೆರಾಕ್ಸ್ ಪಾರ್ಕ್‌ನಲ್ಲಿ ಸ್ಮಾಲ್‌ಟಾಕ್ ಜೊತೆ ಕೆಲಸ ಮಾಡ್ತಾ ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ರೂಪಿಸಿದ್ದು. ಜ್ಯಾಂಗೋ ಕಲಿಯೋರು ಮಾತ್ರ ಹುಷಾರು: ಅಲ್ಲಿ ಹೆಚ್ಚುಕಮ್ಮಿ ಕಂಟ್ರೋಲರ್ ಕೆಲಸ ಮಾಡೋದಕ್ಕೇ ‘ವ್ಯೂ’ ಅಂತಾರೆ, ಪುಟಕ್ಕೆ ‘ಟೆಂಪ್ಲೇಟ್’. ಈ ಗೊಂದಲಕ್ಕೇ ನನ್ನ ಎರಡು ದಿನ ಹೋಯ್ತು.

ಈಗ ಚೆಕ್ ಮಾಡೆಲ್‌ನಲ್ಲಿದೆ. ಫಾರ್ಮ್ ಪುಟದಲ್ಲಿದ್ದದ್ದನ್ನೂ ಅಳಿಸಿಲ್ಲ. ಪೂರ್ತಿ ತುಂಬಿಸಿ ಆಮೇಲೆ ಸೀಟಿಲ್ಲ ಅಂದ್ರೆ ಮತ್ತೆ ಬೈತಾರೆ.