ಪ್ರವಾಹ ರಸಾಯನದಲ್ಲಿ ವೇಗವರ್ಧಕಗಳ ಕಾಯಕ

ಕಬ್ಬಿನ ಆಲೆಮನೆಯಲ್ಲಿ ಎರಡು ಬಗೆಯ ಕೆಲಸಗಳು ಅಕ್ಕಪಕ್ಕದಲ್ಲಿಯೇ ನಡೆಯುತ್ತವೆ. ಗಾಣದ ಒಂದು ಕಡೆಯಿಂದ ಕಬ್ಬಿನ ಜಲ್ಲೆಗಳು ಎಡೆಬಿಡದೆ ಒಳಹೋಗುತ್ತವೆ. ಇನ್ನೊಂದು ಕಡೆಯಿಂದ ಸಿಪ್ಪೆಯೂ ಕೆಳಗಿನಿಂದ ಕಬ್ಬಿನ ಹಾಲೂ ಎಡೆಬಿಡದೆ ಹೊರಬರುತ್ತವೆ. ಕೊಪ್ಪರಿಗೆಯ ಬಳಿ ಕ್ರಮವೇ ಬೇರೆ. ಅಲ್ಲಿ ಹಾಲನ್ನು ತುಂಬಬೇಕು, ಉರಿ ಹಾಕಬೇಕು, ಮಡ್ಡಿಯನ್ನು ತೆಗೆಯಬೇಕು, ಪಾಕ ಹದಕ್ಕೆ ಬಂದಾಗ ಇಳಿಸಬೇಕು, ಅಚ್ಚಿಗೆ ಸುರಿಯಬೇಕು. ಆ ಬಳಿಕವೇ ಮತ್ತೊಂದು ಕೊಪ್ಪರಿಗೆಯ ಸರದಿ. ಹದ ತಪ್ಪಿದರೆ ಅದರಲ್ಲಿದ್ದುದೆಲ್ಲವೂ ಕೆಡುತ್ತದೆ. ಗಾಣದಲ್ಲಾದರೋ ಯಾವ ಕ್ಷಣದಲ್ಲಿಯೂ ಕೆಲಸಕ್ಕೆ ಸಿಕ್ಕಿರುವುದು ನಾಲ್ಕಾರು ಜಲ್ಲೆಗಳು ಮಾತ್ರ.

ರಸಾಯನಶಾಸ್ತ್ರದಲ್ಲಿಯೂ ಈ ಎರಡು ಮಾರ್ಗಗಳಿವೆ. ಕೊಪ್ಪರಿಗೆಯ ರೀತಿಯನ್ನು ಪಾತ್ರೆವಿಧಾನವೆಂದೂ ಗಾಣದ ರೀತಿಯನ್ನು ಪ್ರವಾಹವಿಧಾನವೆಂದೂ ಕರೆಯಬಹುದು. ಪ್ರವಾಹವಿಧಾನದಲ್ಲಿ ದ್ರವ ಅಥವಾ ಅನಿಲರೂಪದ ಮೂಲದ್ರವ್ಯಗಳು ಕೊಳವೆಯ ಒಂದು ತುದಿಯಿಂದ ಪ್ರವೇಶಿಸಿ, ಹರಿಯುತ್ತಿರುವಾಗಲೇ ಪರಿವರ್ತನೆಗೊಂಡು, ಮತ್ತೊಂದು ತುದಿಯಿಂದ ಹೊಸ ದ್ರವ್ಯಗಳಾಗಿ ಹೊರಬರುತ್ತವೆ. ಈ ಪರಿವರ್ತನೆ ಕೊಳವೆಯನ್ನು ದಾಟುವ ಅಲ್ಪಕಾಲದೊಳಗೆ ಮುಗಿಯಬೇಕಾದುದರಿಂದ ಅದಕ್ಕೆ ಹೆಚ್ಚಾಗಿ ಬೇಕಾಗುವ ಸಹಾಯಕವೇ ವೇಗವರ್ಧಕ, ಅಂದರೆ ಕ್ಯಾಟಲಿಸ್ಟ್.

ವೇಗವರ್ಧಕವೆಂದರೆ ರಾಸಾಯನಿಕ ಕ್ರಿಯೆಯಲ್ಲಿ ಭಾಗವಹಿಸಿ, ಅದನ್ನು ತ್ವರೆಗೊಳಿಸಿ, ಕೊನೆಯಲ್ಲಿ ತಾನು ವ್ಯಯವಾಗದೆ ಮರಳಿ ದೊರೆಯುವ ವಸ್ತು. ಘಟ್ಟದ ಆಚೆಯ ಊರಿಗೆ ಹೋಗಬೇಕಾದವನು ಶಿಖರವನ್ನೇ ಏರಿ ಇಳಿಯಬಹುದು. ನಡುವಿನ ತಗ್ಗಾದ ಕಣಿವೆದಾರಿಯನ್ನು ಬಲ್ಲವನು ಅದೇ ಊರನ್ನು ಬೇಗನೆ ಸೇರುತ್ತಾನೆ. ವೇಗವರ್ಧಕವು ತೋರಿಸುವುದು ಇಂತಹ ತಗ್ಗಾದ ದಾರಿಯನ್ನು. ಅದು ಊರುಗಳನ್ನು ಸ್ಥಳಾಂತರಿಸಲಾರದು. ಸ್ವಭಾವತಃ ಅಸಾಧ್ಯವಾದ ಕ್ರಿಯೆಯನ್ನು ಸಾಧ್ಯಗೊಳಿಸಲಾರದು. ಸಾಧ್ಯವಾದುದನ್ನು ಶೀಘ್ರವಾಗಿಸುತ್ತದೆ, ಅಷ್ಟೆ. ಜರ್ಮನಿಯ ಯೇನಾ ನಗರದ ಡೋಬರೈನರ್ ಎಂಬ ವಿದ್ವಾಂಸನು ೧೮೨೩ರಲ್ಲಿ ಸ್ಪಂಜಿನಂತಹ ಪ್ಲಾಟಿನಂ ಲೋಹದ ಮೇಲೆ ಜಲಜನಕದ ಧಾರೆಯನ್ನು ಗಾಳಿಯಲ್ಲಿ ಹರಿಯಬಿಟ್ಟಾಗ ಅದು ತಾನಾಗಿಯೇ ಹೊತ್ತಿಕೊಂಡಿತು. ಲೋಹ ನಿಂತಿತ್ತು, ಅನಿಲ ಹರಿಯುತ್ತಿತ್ತು. ಲೋಹಕ್ಕೆ ಏನೂ ಆಗಿರಲಿಲ್ಲ. ಇಂತಹ ವಿದ್ಯಮಾನಗಳನ್ನೆಲ್ಲ ಒಟ್ಟುಗೂಡಿಸಿ, ಸಡಿಲಿಸುವುದು ಎಂಬರ್ಥದ ಗ್ರೀಕ್ ಶಬ್ದದಿಂದ ಕ್ಯಾಟಲಿಸಿಸ್ ಎಂಬ ಹೆಸರನ್ನಿತ್ತವನು ಸ್ವೀಡನ್ನಿನ ಬರ್ಜೀಲಿಯಸ್, ವರ್ಷ ೧೮೩೫.

ಪಾತ್ರೆವಿಧಾನದಲ್ಲಿ ವೇಗವರ್ಧಕವನ್ನು ಮೂಲದ್ರವ್ಯಗಳೊಡನೆ ಬೆರೆಸಲಾಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಸೋಸಿ ಅಥವಾ ಬಟ್ಟಿಯಿಳಿಸಿ ಬೇರ್ಪಡಿಸಬೇಕು. ಪೂರ್ತಿಯಾಗಿ ಬೇರ್ಪಡದಿದ್ದರೆ ಬೆಲೆಬಾಳುವ ಲೋಹ ನಷ್ಟವಾಗುವುದಲ್ಲದೆ, ತಯಾರಾದುದು ಔಷಧವಾಗಿದ್ದರೆ ಲೋಹದ ಅಂಶ ರೋಗಿಯ ದೇಹವನ್ನೂ ಸೇರಬಹುದು. ಪ್ರವಾಹವಿಧಾನದಲ್ಲಿ ವೇಗವರ್ಧಕವನ್ನು ಕೊಳವೆಯೊಳಗೆ ನೆಲೆಗೊಳಿಸಿ ದ್ರವ್ಯವನ್ನು ಮಾತ್ರ ಹರಿಯಬಿಡಬಹುದು. ಶರಣರ ಪರಿಭಾಷೆಯನ್ನು ಎರವಲು ಪಡೆದು ಹೇಳುವುದಾದರೆ ಇಲ್ಲಿ ವೇಗವರ್ಧಕವು ಸ್ಥಾವರ, ದ್ರವ್ಯವು ಜಂಗಮ. ಕ್ರಿಯೆಯೂ ಬೇರ್ಪಡಿಕೆಯೂ ಏಕಕಾಲದಲ್ಲಿ ನಡೆಯುತ್ತವೆ. ಹೀಗೆ ನೆಲೆಗೊಳಿಸುವ ಉಪಾಯಗಳೇ ಈ ಶಾಸ್ತ್ರದ ಸಾರ.

ಇದರ ಮಹತ್ತಾದ ನಿದರ್ಶನ ಅಮೋನಿಯದ ತಯಾರಿಕೆ. ಗಾಳಿಯಲ್ಲಿ ಹೇರಳವಾಗಿರುವ ಸಾರಜನಕವನ್ನು ಜಲಜನಕದೊಡನೆ ಕೂಡಿಸಿದರೆ ಅಮೋನಿಯ ಆಗುತ್ತದೆ, ಅದರಿಂದ ಗೊಬ್ಬರವಾಗುತ್ತದೆ. ಆದರೆ ಸಾರಜನಕದ ಜೋಡಿ ಪರಮಾಣುಗಳ ಬಂಧ ಅತ್ಯಂತ ದೃಢವಾದುದು. ಫ್ರಿಟ್ಸ್ ಹಾಬರ್ ೧೯೦೯ರ ಜುಲೈ ೨ರಂದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ, ಅಧಿಕ ಒತ್ತಡದಲ್ಲಿದ್ದ ಈ ಎರಡು ಅನಿಲಗಳನ್ನು ಕಾದ ಆಸ್ಮಿಯಂ ಲೋಹದ ಮೇಲೆ ಹಾಯಿಸಿ, ದ್ರವ ಅಮೋನಿಯ ತೊಟ್ಟಿಕ್ಕುವುದನ್ನು ತೋರಿಸಿದನು. ಒಂದು ಸಲ ಹಾಯ್ದಾಗ ಅನಿಲದ ಅಲ್ಪಭಾಗ ಮಾತ್ರ ಅಮೋನಿಯವಾಗುತ್ತಿತ್ತು. ಆದುದರಿಂದ ಅಮೋನಿಯವನ್ನು ತಂಪುಗೊಳಿಸಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಮತ್ತೆ ಅದೇ ಲೋಹದ ಮೇಲೆ ಹಾಯಿಸುವ ಚಕ್ರವನ್ನು ಅವನು ರಚಿಸಿದನು. ಈ ಪುನರಾವರ್ತನೆಯೇ ಪ್ರವಾಹವಿಧಾನದ ಜೀವಾಳ.

ಆಸ್ಮಿಯಂ ಅತಿ ವಿರಳವಾದ ಲೋಹ. ಅದಕ್ಕೆ ಬದಲಿಯನ್ನು ಹುಡುಕುವ ಹೊಣೆ ಬಿ.ಎ.ಎಸ್.ಎಫ್. ಸಂಸ್ಥೆಯ ಆಲ್ವಿನ್ ಮಿಟಾಷ್‌ನದಾಯಿತು. ಅವನ ತಂಡ ಸಾವಿರಾರು ಪರೀಕ್ಷೆಗಳನ್ನು ನಡೆಸಿತು. ಶುದ್ಧವಾದ ಕಬ್ಬಿಣ ಸೋತಲ್ಲಿ ಸ್ವೀಡನ್ನಿನ ಗಣಿಯ ಒಂದು ಅದಿರು ಚೆನ್ನಾಗಿ ಕೆಲಸ ಮಾಡಿತು. ಗುಣವಿದ್ದುದು ಅದರ ಕಲ್ಮಷದಲ್ಲಿ ಎಂಬುದು ಮಿಟಾಷ್‌ನಿಗೆ ಹೊಳೆಯಿತು. ಕಬ್ಬಿಣಕ್ಕೆ ಅಲ್ಯುಮಿನಾ ಮತ್ತು ಪೊಟ್ಯಾಸಿಯಂ ಸಂಯುಕ್ತಗಳನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿದಾಗ ಬೇಕಾದ ವೇಗವರ್ಧಕ ಸಿದ್ಧವಾಯಿತು. ಅಲ್ಯುಮಿನಾ ಕಬ್ಬಿಣದ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ತಡೆಯುತ್ತದೆ. ಪೊಟ್ಯಾಸಿಯಂ ಸಾರಜನಕದ ಬಂಧವನ್ನು ಮುರಿಯಲು ನೆರವಾಗುತ್ತದೆ. ಕಾರ್ಲ್ ಬಾಷ್‌ನ ನೇತೃತ್ವದಲ್ಲಿ ಓಪೌ ಎಂಬಲ್ಲಿ ಕಾರ್ಖಾನೆ ೧೯೧೩ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಹಾಬರ್‌ನಿಗೆ ೧೯೧೮ರ, ಬಾಷ್‌ನಿಗೆ ೧೯೩೧ರ ನೊಬೆಲ್ ಪುರಸ್ಕಾರಗಳು ಸಂದವು. ಕಬ್ಬಿಣದ ಮೇಲ್ಮೈಯಲ್ಲಿ ನಡೆಯುವುದೇನೆಂಬುದನ್ನು ಹಂತಹಂತವಾಗಿ ವಿಶದಪಡಿಸಿದ ಗೆರ್‌ಹಾರ್ಡ್ ಎರ್ಟ್ಲ್ ಅವರಿಗೆ ಆ ಪುರಸ್ಕಾರ ಸಂದುದು ೨೦೦೭ರಲ್ಲಿ. ಕನ್ನಡ ನಾಡಿನಲ್ಲಿಯೂ ಮೈಸೂರಿಗೆ ಸಮೀಪದ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಸಂಶ್ಲೇಷಿತ ಅಮೋನಿಯದಿಂದ ಗೊಬ್ಬರವನ್ನು ಮಾಡಲಾಯಿತು; ಮಂಗಳೂರಿನ ಪಣಂಬೂರಿನ ರಸಗೊಬ್ಬರ ಕಾರ್ಖಾನೆ ೧೯೭೬ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ರೈತನು ಹೊಲಕ್ಕೆ ಎರಚುವ ಯೂರಿಯದ ಪ್ರತಿ ಹಿಡಿಯ ಹಿಂದೆಯೂ ಎಲ್ಲಿಯೋ ಒಂದು ಕೊಳವೆಯಲ್ಲಿ ನಿಂತ ಕಬ್ಬಿಣವಿದೆ.

ಮೇಲಿನದು ಮೊದಲನೆಯ ಉಪಾಯ: ವೇಗವರ್ಧಕದ ಹರಳುಗಳನ್ನು ಸ್ತಂಭದಲ್ಲಿ ತುಂಬುವುದು. ಹರಳು ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚುತ್ತದೆ. ಆದರೆ ಹರಿವಿಗೆ ಅಡ್ಡಿಯೂ ಹೆಚ್ಚುತ್ತದೆ. ಎರಡರ ನಡುವಣ ಹದವನ್ನು ಕಾಣುವುದರಲ್ಲಿಯೇ ಎಂಜಿನಿಯರನ ಜಾಣ್ಮೆಯಿದೆ.

ಎರಡನೆಯದು ಗೋಡೆಗೆ ಲೇಪಿಸುವುದು. ಪೆಟ್ರೋಲ್ ಕಾರಿನ ಹೊಗೆಕೊಳವೆಯಲ್ಲಿ ಜೇನುಹಲ್ಲೆಯಂತೆ ನೂರಾರು ಸಣ್ಣ ರಂಧ್ರಗಳಿರುವ ಪಿಂಗಾಣಿಯ ತುಂಡೊಂದಿರುತ್ತದೆ. ರಂಧ್ರಗಳ ಗೋಡೆಯ ಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳ ಸೂಕ್ಷ್ಮ ಲೇಪವಿರುತ್ತದೆ. ಹೊಗೆ ಹಾಯ್ದುಹೋಗುವಷ್ಟರಲ್ಲಿ ಅದರ ವಿಷಾನಿಲಗಳು ಬಹುಮಟ್ಟಿಗೆ ನಿರುಪದ್ರವಿಗಳಾಗುತ್ತವೆ. ಭಾರತದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾದುದು ೧೯೯೫ರಲ್ಲಿ.

ಮೂರನೆಯದು ಜೀವಿಗಳ ಕಿಣ್ವಗಳನ್ನು ಬಂಧಿಸುವುದು. ಕಿಣ್ವಗಳೂ ವೇಗವರ್ಧಕಗಳೇ, ಆದರೆ ನೀರಿನಲ್ಲಿ ಕರಗುವುದರಿಂದ ಒಂದು ಬಾರಿ ಬಳಸಿ ಚೆಲ್ಲಬೇಕಾಗುತ್ತಿತ್ತು. ಜಪಾನಿನ ತನಾಬೆ ಸಂಸ್ಥೆಯ ಇಚಿರೊ ಚಿಬಾಟ ಮತ್ತು ಸಂಗಡಿಗರು ಕಿಣ್ವವೊಂದನ್ನು ಘನಪದಾರ್ಥದ ಕಣಗಳಿಗೆ ಅಂಟಿಸಿ ಸ್ತಂಭದಲ್ಲಿ ತುಂಬಿ, ೧೯೬೯ರಲ್ಲಿ ಅಮೈನೋ ಆಮ್ಲಗಳನ್ನು ಕಾರ್ಖಾನೆಯ ಪ್ರಮಾಣದಲ್ಲಿ ನಿರಂತರವಾಗಿ ಪಡೆದರು.

ನಾಲ್ಕನೆಯದರಲ್ಲಿ ವೇಗವರ್ಧಕವೂ ದ್ರವದಲ್ಲಿ ಕರಗಿ ಹರಿಯುತ್ತದೆ. ಹೊರಬಂದ ಮೇಲೆ ಅದನ್ನು ಬೇರ್ಪಡಿಸಿ ಮರಳಿ ಕಳುಹಿಸಲಾಗುತ್ತದೆ. ಜರ್ಮನಿಯ ಓಬರ್‌ಹೌಸನ್ ನಗರದಲ್ಲಿ ೧೯೮೪ರಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ರೋಡಿಯಂ ಸಂಯುಕ್ತ ನೀರಿನಲ್ಲಿರುತ್ತದೆ; ತಯಾರಾದ ದ್ರವ್ಯ ಎಣ್ಣೆಯಂತೆ ನೀರಿನಿಂದ ತಾನಾಗಿಯೇ ಬೇರೆಯಾಗುತ್ತದೆ. ಎಣ್ಣೆ ಹೊರಕ್ಕೆ, ನೀರು ಮರಳಿ ಒಳಕ್ಕೆ.

ಐದನೆಯದಕ್ಕೆ ಬೆಳಕಿನ ನೆರವು ಬೇಕು. ದೊಡ್ಡ ಪಾತ್ರೆಯ ಬಣ್ಣದ ದ್ರವದಲ್ಲಿ ಬೆಳಕು ಅಂಚಿನಲ್ಲಿಯೇ ಹೀರಲ್ಪಟ್ಟು ನಡುಭಾಗವನ್ನು ಮುಟ್ಟುವುದಿಲ್ಲ. ದೀಪದ ಸುತ್ತ ಸುತ್ತಿದ ಕಿರಿದಾದ ಪಾರದರ್ಶಕ ಕೊಳವೆಯಲ್ಲಿ ಈ ತೊಡಕಿಲ್ಲ. ಜರ್ಮನಿಯ ಪಾಟ್ಸ್‌ಡಾಂನಲ್ಲಿ ಪೀಟರ್ ಸೀಬರ್ಗರ್ ಅವರ ತಂಡ ೨೦೧೨ರಲ್ಲಿ, ಮಲೇರಿಯಾ ಜ್ವರದ ಔಷಧವಾದ ಆರ್ಟಿಮಿಸಿನಿನ್ ಅನ್ನು ಅದೇ ಗಿಡದಿಂದ ದೊರೆಯುವ ಅಗ್ಗದ ಆಮ್ಲದಿಂದ ಹೀಗೆ ತಯಾರಿಸಿ ತೋರಿಸಿತು. ಬೆಳಕನ್ನು ಹೀರಿ ಆಮ್ಲಜನಕವನ್ನು ಚುರುಕುಗೊಳಿಸುವ ಒಂದು ವರ್ಣದ್ರವ್ಯವೇ ಅಲ್ಲಿಯ ವೇಗವರ್ಧಕ.

ಇಂತಹ ಸ್ತಂಭಗಳನ್ನು ಒಂದರ ಮುಂದೊಂದರಂತೆ ಜೋಡಿಸಲೂ ಬರುತ್ತದೆ. ಟೋಕಿಯೊ ವಿಶ್ವವಿದ್ಯಾಲಯದ ಶೂ ಕೊಬಯಾಶಿ ಮತ್ತು ಸಂಗಡಿಗರು ೨೦೧೫ರಲ್ಲಿ ರೋಲಿಪ್ರಾಮ್ ಎಂಬ ಔಷಧದ್ರವ್ಯವನ್ನು, ನಡುವೆ ಎಲ್ಲಿಯೂ ಹೊರತೆಗೆಯದೆ, ನಾಲ್ಕು ಸ್ತಂಭಗಳ ಮೂಲಕ ಹರಿಸಿ ಪಡೆದರು. ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾದ ಎರಡು ರೂಪಗಳು ಆ ದ್ರವ್ಯಕ್ಕುಂಟು. ಒಂದು ಸ್ತಂಭದ ವೇಗವರ್ಧಕವನ್ನು ಅದರ ಪ್ರತಿಬಿಂಬರೂಪದ ವೇಗವರ್ಧಕದಿಂದ ಬದಲಿಸಿದ ಮಾತ್ರಕ್ಕೆ ಔಷಧದ ಮತ್ತೊಂದು ರೂಪ ಹೊರಬಂದಿತು. ಔಷಧಗಳ ನಿರಂತರ ತಯಾರಿಕೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ೨೦೨೨ರಲ್ಲಿ ಅಂಗೀಕೃತವಾಗಿದೆ.

ಇಷ್ಟೆಲ್ಲ ಶ್ರಮ ಕೇವಲ ಮಿತವ್ಯಯಕ್ಕಾಗಿ ಎಂದು ಭಾವಿಸಲಾಗದು. ಸಂಗ್ರಹವೇ ಅಪಾಯವಾಗುವ ಸಂದರ್ಭಗಳಿವೆ. ಅಮೋನಿಯ ನಿರಾತಂಕವಾಗಿ ಹರಿಯುತ್ತಿದ್ದ ಓಪೌದಲ್ಲಿಯೇ, ಉಗ್ರಾಣದಲ್ಲಿ ರಾಶಿಹಾಕಿದ್ದ ಸುಮಾರು ೪,೫೦೦ ಟನ್ ಗೊಬ್ಬರ ಗಟ್ಟಿಯಾಗಿದ್ದಿತು. ಅದನ್ನು ಸಡಿಲಿಸಲು ಸಿಡಿಮದ್ದನ್ನು ಬಳಸಿದಾಗ, ೧೯೨೧ರ ಸೆಪ್ಟೆಂಬರ್ ೨೧ರಂದು, ರಾಶಿಯ ಒಂದು ಭಾಗ ಸ್ಫೋಟಗೊಂಡು ಐನೂರಕ್ಕೂ ಹೆಚ್ಚು ಮಂದಿ ಮಡಿದರು. ಭೋಪಾಲದಲ್ಲಿ ೧೯೮೪ರ ಡಿಸೆಂಬರ್ ೨ರ ರಾತ್ರಿ ಸಾವಿರಾರು ಜನರನ್ನು ಬಲಿತೆಗೆದುಕೊಂಡ ಮೀಥೈಲ್ ಐಸೊಸಯನೇಟ್, ಆ ಕಾರ್ಖಾನೆ ಮಾರುತ್ತಿದ್ದ ವಸ್ತುವಲ್ಲ. ಕೀಟನಾಶಕಕ್ಕೆ ಬೇಕಾದ ನಡುಹಂತದ ದ್ರವ್ಯ. ಅದು ಒಂದೇ ತೊಟ್ಟಿಯಲ್ಲಿ ಸುಮಾರು ೪೦ ಟನ್ ಸಂಗ್ರಹವಾಗಿತ್ತು. ನೀರು ಸೇರಿದಾಗ ಅದು ಕುದಿದು ಊರಿನ ಮೇಲೆ ಹರಡಿತು.

ಆ ದುರಂತದ ತರುವಾಯ ಅಮೆರಿಕದ ಟೆಕ್ಸಸ್ ಪ್ರಾಂತದ ಲಾ ಪೋರ್ಟ್‌ನಲ್ಲಿ ಡ್ಯೂಪಾಂಟ್ ಸಂಸ್ಥೆ ಅದೇ ವಿಷದ್ರವ್ಯಕ್ಕೆ ಪ್ರವಾಹವಿಧಾನವನ್ನು ಅಳವಡಿಸಿತು. ಅಷ್ಟೊಂದು ಅಪಾಯಕಾರಿಯಲ್ಲದ ಮೂಲದ್ರವ್ಯವನ್ನು ಗಾಳಿಯೊಡನೆ ವೇಗವರ್ಧಕದ ಮೇಲೆ ಹಾಯಿಸಿದಾಗ ವಿಷದ್ರವ್ಯ ಹುಟ್ಟುತ್ತದೆ. ಹುಟ್ಟಿದೊಡನೆ ಮುಂದಿನ ಕ್ರಿಯೆಗೆ ಸಂದು ಇಲ್ಲವಾಗುತ್ತದೆ. ಹತ್ತಾರು ಟನ್ನುಗಳ ತೊಟ್ಟಿಯೇ ಬೇಕಿಲ್ಲ. ಯಾವ ಕ್ಷಣದಲ್ಲಿಯೂ ಇರುವುದು ಕೊಳವೆಗಳಲ್ಲಿರುವಷ್ಟು ಮಾತ್ರ. ಇಲ್ಲದ ವಸ್ತು ಸೋರಲಾರದೆಂಬ ಸರಳ ವಿವೇಕವಿದು. ಆದರೆ ವಿಧಾನವೊಂದೇ ರಕ್ಷೆಯಾಗದೆಂಬುದನ್ನೂ ಮರೆಯಲಾಗದು. ಅದೇ ಕಾರ್ಖಾನೆಯಲ್ಲಿ ೨೦೧೪ರ ನವೆಂಬರಿನಲ್ಲಿ ಬೇರೊಂದು ವಿಷಾನಿಲ ಸೋರಿ ನಾಲ್ವರು ಕೆಲಸಗಾರರು ಪ್ರಾಣ ಕಳೆದುಕೊಂಡರು. ಎಚ್ಚರ ತಪ್ಪಿದಲ್ಲಿ ಯಾವ ಶಾಸ್ತ್ರವೂ ಕಾಯದು.

ಪ್ರವಾಹವಿಧಾನಕ್ಕೂ ಮಿತಿಗಳುಂಟು. ಘನವಸ್ತು ಉಂಟಾಗುವ ಕ್ರಿಯೆಗಳಲ್ಲಿ ಕಿರಿದಾದ ಕೊಳವೆ ಕಟ್ಟಿಕೊಳ್ಳುತ್ತದೆ. ಅಂಟಿಸಿದ ಲೋಹ ಮೆಲ್ಲಮೆಲ್ಲನೆ ಕೊಚ್ಚಿಹೋಗಬಹುದು. ಶಾಖ ಒಂದೆಡೆ ಸೇರಿದರೆ ವೇಗವರ್ಧಕದ ಕಣಗಳು ಕೂಡಿಕೊಂಡು ಮೇಲ್ಮೈ ಕುಗ್ಗುತ್ತದೆ. ಇನ್ನು ವಿಷ ತಗಲುವುದೂ ಉಂಟು: ಅಮೋನಿಯದ ಕಬ್ಬಿಣಕ್ಕೆ ಗಂಧಕ ವಿಷ, ಕಾರಿನ ಪ್ಲಾಟಿನಂಗೆ ಸೀಸ ವಿಷ. ಭಾರತದಲ್ಲಿ ಸೀಸಬೆರೆತ ಪೆಟ್ರೋಲ್ ೨೦೦೦ದ ಫೆಬ್ರವರಿಯಲ್ಲಿ ಪೂರ್ಣವಾಗಿ ನಿಂತುದಕ್ಕೆ ಜನರ ಆರೋಗ್ಯದಂತೆ ಈ ಲೋಹಗಳ ರಕ್ಷಣೆಯೂ ಒಂದು ಕಾರಣ. ಬಗೆಬಗೆಯ ವಸ್ತುಗಳನ್ನು ಸ್ವಲ್ಪ ಸ್ವಲ್ಪವಾಗಿ ತಯಾರಿಸುವವರಿಗೆ ಇಂದಿಗೂ ಪಾತ್ರೆಯೇ ಅನುಕೂಲ. ಗಾಣ ಬಂದುದರಿಂದ ಆಲೆಮನೆಯಲ್ಲಿ ಕೊಪ್ಪರಿಗೆ ಬೇಡವಾಗಲಿಲ್ಲ.

ವ್ಯಯವಾಗದ ವಸ್ತುವೆಂದು ವೇಗವರ್ಧಕವನ್ನು ಹೊಗಳುವಾಗ ಅದಕ್ಕೂ ಆಯುಸ್ಸಿದೆಯೆಂಬುದನ್ನು ನೆನೆಯಬೇಕು. ಅಮೋನಿಯದ ಕಬ್ಬಿಣ ಹತ್ತು ವರ್ಷಕ್ಕೂ ಮಿಕ್ಕು ದುಡಿಯುವುದು ಅದಕ್ಕೆ ಸಿಗುವ ಶುದ್ಧ ಅನಿಲದಿಂದ ಮತ್ತು ಒಳ್ಳೆಯ ಆರೈಕೆಯಿಂದ. ವಿದ್ಯಾಲಯದಲ್ಲಿಯೂ ವರ್ಷವರ್ಷವೂ ಮಕ್ಕಳು ಪ್ರವಾಹದಂತೆ ಬಂದು ಬೇರೆಯೇ ಆಗಿ ಹೊರಹೋಗುತ್ತಾರೆ. ಗುರುಗಳು ಅಲ್ಲಿಯೇ ನಿಂತಿರುತ್ತಾರೆ. ಅವರ ಕಸುವು ಕುಂದದಂತೆ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳೂ ಪ್ರಯೋಗಶಾಲೆಗೆ ಹೊಸ ಉಪಕರಣಗಳೂ ಕಾಲಕಾಲಕ್ಕೆ ಬರುತ್ತಿರಬೇಕು. ಪ್ಲಾಟಿನಂ ದುಬಾರಿಯಾದರೂ ಸಾಧಾರಣ ಪ್ರಯೋಗವೊಂದಕ್ಕೆ ಅದು ಬೇಕಿಲ್ಲ. ಗಾಜಿನ ನಳಿಗೆಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡಿನ ಹರಳುಗಳನ್ನು ತುಂಬಿ, ಗುರುಗಳ ಮೇಲ್ವಿಚಾರಣೆಯಲ್ಲಿ ತೆಳುವಾದ ಹೈಡ್ರೊಜನ್ ಪೆರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಹರಿಸಿದರೆ ಆಮ್ಲಜನಕದ ಗುಳ್ಳೆಗಳೇಳುವುದನ್ನು ಪ್ರೌಢಶಾಲೆಯ ಮಕ್ಕಳೇ ಕಾಣಬಹುದು. ನಳಿಗೆಯಲ್ಲಿನ ಕಪ್ಪು ಹರಳುಗಳು ಮರುದಿನದ ತರಗತಿಗೂ ಉಳಿದಿರುತ್ತವೆ.