ಪ್ರಕೃತಿ ಚಿಕಿತ್ಸಾಲಯಕ್ಕೂ ಬಂತು ಕೃತಕ ಬುದ್ಧಿಮತ್ತೆ: ಯಾವ ಕೆಲಸ ಕೊಡೋಣ, ಯಾವುದು ಬೇಡ?

1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದಡಿ ಕುಳಿತು ವಂದನೀಯ ಆಗಸ್ಟಸ್ ಮುಲ್ಲರ್ ಅವರು ಬಡವರಿಗೆ ಹೋಮಿಯೋಪಥಿ ಔಷಧ ನೀಡಲು ಆರಂಭಿಸಿದರು. ಅಂದಿನಿಂದ ಕರಾವಳಿಯ ಕಥೋಲಿಕರ ಮನೆಗಳಲ್ಲಿ ಆ ಬಿಳಿ ಗುಳಿಗೆಗಳ ಪುಟ್ಟ ಶೀಶೆ ಅಪರಿಚಿತವಲ್ಲ. ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸಾ ಕಾಲೇಜು ಆರಂಭವಾದ ಮೇಲೆ ಮಣ್ಣಿನ ಪಟ್ಟಿ, ಉಪವಾಸ, ಆವಿಸ್ನಾನಗಳೂ ನಮ್ಮವರಿಗೆ ಚೆನ್ನಾಗಿ ಪರಿಚಯವಾದವು. ಇಂದು ಧರ್ಮಭಗಿನಿಯರು ನಡೆಸುವ ಪುಟ್ಟ ಚಿಕಿತ್ಸಾಲಯಗಳಲ್ಲಿ, ಚರ್ಚ್ ಸಭಾಭವನದ ಭಾನುವಾರದ ಶಿಬಿರಗಳಲ್ಲಿ, ಊರಿನ ಆಯುರ್ವೇದ ವೈದ್ಯರ ಕೋಣೆಯಲ್ಲಿ ಈ ಸೇವೆ ಮುಂದುವರಿದಿದೆ.

ಇಂತಹ ಕಡೆ ಕೆಲಸ ಮಾಡುವವರು ಇತ್ತೀಚೆಗೆ ನಮ್ಮಲ್ಲಿ ಕೇಳುತ್ತಿರುವ ಪ್ರಶ್ನೆ ಒಂದೇ. ಕೃತಕ ಬುದ್ಧಿಮತ್ತೆ, ಅಂದರೆ ಎಐ, ನಮಗೂ ಉಪಯೋಗಕ್ಕೆ ಬರುತ್ತದೆಯೇ? ಬರುತ್ತದೆ. ಆದರೆ ಎಲ್ಲಿ ಬರುತ್ತದೆ, ಎಲ್ಲಿ ಅಪಾಯ ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಮೊದಲು ಈ ಸಾಧನ ಏನೆಂದು ತಿಳಿಯೋಣ. 2022ರ ನವೆಂಬರ್ 30ರಂದು ಬಿಡುಗಡೆಯಾದ ಚಾಟ್‌ಜಿಪಿಟಿ ಮತ್ತು ಅನಂತರ ಬಂದ ಜೆಮಿನಿ ಮೊದಲಾದವು ಅಪಾರ ಪ್ರಮಾಣದ ಬರಹಗಳನ್ನು ಓದಿ, ಒಂದು ಪದದ ನಂತರ ಯಾವ ಪದ ಬರಬಹುದು ಎಂಬ ಲೆಕ್ಕಾಚಾರದಿಂದ ಉತ್ತರ ಕಟ್ಟುತ್ತವೆ. ಕೇಳಿದ್ದಕ್ಕೆ ಸರಿಯಾದ ಉತ್ತರ ತಿಳಿಯದಿದ್ದರೂ ಅಷ್ಟೇ ಧೈರ್ಯದಿಂದ ಬರೆದುಕೊಡುವುದು ಇವುಗಳ ಸ್ವಭಾವ. ಇಂಗ್ಲಿಷ್‌ನಲ್ಲಿ ಓದಲು ಸಿಕ್ಕಷ್ಟು ಬರಹ ಕನ್ನಡದಲ್ಲಿ ಸಿಕ್ಕಿಲ್ಲ, ತುಳು ಕೊಂಕಣಿಗಳಲ್ಲಂತೂ ಇನ್ನೂ ಕಡಿಮೆ. ಆದ್ದರಿಂದ ನಮ್ಮ ಭಾಷೆಯಲ್ಲಿ ತಪ್ಪುಗಳು ಹೆಚ್ಚು.

ಇನ್ನು ಉಪಯೋಗದ ವಿಚಾರ. ಚಿಕಿತ್ಸಾಲಯ ನಡೆಸುವವರ ಅರ್ಧ ದಿನ ಹೋಗುವುದು ಚಿಕಿತ್ಸೆಗಲ್ಲ, ಬರವಣಿಗೆಗೆ. ಹೋಮಿಯೋಪಥಿಯಲ್ಲಿ ಹೊಸ ರೋಗಿಯ ವಿವರ ಕೇಳಿ ಬರೆದುಕೊಳ್ಳಲು ಒಂದು ಗಂಟೆಯೂ ಬೇಕಾಗುತ್ತದೆ. ವೈದ್ಯರು ಗೀಚಿಕೊಂಡ ಟಿಪ್ಪಣಿಯನ್ನು ಕ್ರಮವಾಗಿ ಜೋಡಿಸಿಕೊಡುವುದು, ಹದಿನೈದು ದಿನಕ್ಕೊಮ್ಮೆ ಬರಬೇಕಾದವರಿಗೆ ವಾಟ್ಸಾಪ್ ಸಂದೇಶದ ಕರಡು ಬರೆಯುವುದು, ತೈಲ ಚೂರ್ಣಗಳ ದಾಸ್ತಾನು ಪಟ್ಟಿಯಲ್ಲಿ ಅವಧಿ ಮುಗಿಯುತ್ತಿರುವುದನ್ನು ಹುಡುಕುವುದು, ಶಿಬಿರದ ಖರ್ಚಿನ ವರದಿಯನ್ನು ಧರ್ಮಕೇಂದ್ರದ ಪಾಲನಾ ಮಂಡಳಿಗೆ ಒಪ್ಪಿಸುವಂತೆ ಸಿದ್ಧಪಡಿಸುವುದು, ಇವೆಲ್ಲ ಎಐ ಚೆನ್ನಾಗಿಯೇ ಮಾಡುತ್ತದೆ. ತಪ್ಪಾದರೂ ಯಾರ ಜೀವಕ್ಕೂ ಹಾನಿಯಿಲ್ಲ, ತಿದ್ದಿದರೆ ಮುಗಿಯಿತು.

ಅನುವಾದದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಗೂಗಲ್ ಟ್ರಾನ್ಸ್‌ಲೇಟ್‌ಗೆ 2022ರಲ್ಲಿ ಕೊಂಕಣಿ, 2024ರಲ್ಲಿ ತುಳು ಸೇರಿದ್ದು ನಮಗೆ ಸಂತೋಷದ ಸಂಗತಿ. ಆದರೆ ಅಲ್ಲಿಂದ ಬರುವ ಕೊಂಕಣಿ ದೇವನಾಗರಿ ಲಿಪಿಯದ್ದು, ಮಾತು ಗೋವಾ ಕಡೆಯದ್ದು. ಕನ್ನಡ ಲಿಪಿಯಲ್ಲಿ ಕೊಂಕಣಿ ಓದಿ ಬೆಳೆದ ನಮ್ಮ ಅಜ್ಜಿಯಂದಿರ ಕೈಗೆ ಅದನ್ನು ಕೊಟ್ಟರೆ ಕನ್ನಡಕ ಒರೆಸಿಕೊಂಡು ಹಿಂತಿರುಗಿಸುತ್ತಾರೆ. ಪಥ್ಯದ ಚೀಟಿಯನ್ನು ಯಂತ್ರದಿಂದ ಅನುವಾದಿಸಿದರೂ ಊರಿನ ಭಾಷೆ ಬಲ್ಲ ಒಬ್ಬರು ಗಟ್ಟಿಯಾಗಿ ಓದಿ ನೋಡಿದ ಮೇಲೆಯೇ ಕೊಡಬೇಕು. "ಊಟಕ್ಕೆ ಮುಂಚೆ" ಎಂಬುದು "ಊಟದ ನಂತರ" ಎಂದಾದರೆ ಚಿಕಿತ್ಸೆಯೇ ಬದಲಾದಂತೆ.

ನಿಜವಾದ ಅಪಾಯ ಇರುವುದು ಗಿಡಮೂಲಿಕೆಗಳ ಹೆಸರಿನಲ್ಲಿ. ಬ್ರಾಹ್ಮಿ ಎಂದರೆ ಯಾವ ಗಿಡ? ನಮ್ಮಲ್ಲಿ ಅನೇಕರು ತೋರಿಸುವುದು ಒಂದೆಲಗವನ್ನು, ತುಳುವಿನಲ್ಲಿ ತಿಮರೆ ಎಂದು ಚಟ್ನಿ ಮಾಡುತ್ತೇವಲ್ಲ, ಅದನ್ನು. ಆದರೆ ಭಾರತದ ಆಯುರ್ವೇದ ಔಷಧಕೋಶದಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿ ಎಂಬ ಬೇರೆಯೇ ಹೆಸರು. ಶಂಖಪುಷ್ಪಿಯ ಕಥೆಯೂ ಹೀಗೆಯೇ, ಬೇಲಿಯ ಮೇಲಿನ ನೀಲಿ ಹೂವಿನ ಬಳ್ಳಿಯನ್ನು ಹಾಗೆನ್ನುವವರಿದ್ದಾರೆ, ನೆಲದಲ್ಲಿ ಹರಡುವ ಸಣ್ಣ ಗಿಡವನ್ನು ಹಾಗೆನ್ನುವವರೂ ಇದ್ದಾರೆ. ಹಳ್ಳಿಯ ಪಂಡಿತರು ಎಲೆ ಮುಟ್ಟಿ, ಮೂಸಿ ಹೇಳುತ್ತಿದ್ದರು. ಯಂತ್ರದ ಮುಂದಿರುವುದು ನಾವು ಬರೆದ ಹೆಸರು ಮಾತ್ರ. ಎರಡು ಗಿಡಗಳ ಗುಣ, ಪ್ರಮಾಣಗಳನ್ನು ಬೆರೆಸಿ ಒಂದೇ ಉತ್ತರ ಕೊಟ್ಟರೆ ಅಚ್ಚರಿಯಿಲ್ಲ. ಆದ್ದರಿಂದ ದಾಸ್ತಾನು ಪಟ್ಟಿಯಲ್ಲೂ ರೋಗಿಯ ದಾಖಲೆಯಲ್ಲೂ ಊರಿನ ಹೆಸರಿನ ಪಕ್ಕದಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನು ಬರೆದಿಡುವುದು ಒಳ್ಳೆಯದು. ಎಐ ಬಳಸದವರಿಗೂ ಇದು ಪ್ರಯೋಜನವೇ.

ಸಸ್ಯ ಸರಿಯಾಗಿದ್ದರೂ ಪ್ರಮಾಣ ತಪ್ಪಿದರೆ? ನಮ್ಮ ಹಿತ್ತಿಲ ಬಿಂಬುಳಿಯನ್ನೇ ನೋಡಿ. ಮೀನಿನ ಸಾರಿಗೆ ನಾಲ್ಕು ಹಾಕಿದರೆ ರುಚಿ. ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ಗಟ್ಟಿ ರಸ ಕುಡಿದು ಮೂತ್ರಪಿಂಡಕ್ಕೆ ತೀವ್ರ ಹಾನಿಯಾದ ಕೇರಳದ 10 ಮಂದಿಯ ವಿವರ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹಣ್ಣಿನಲ್ಲಿರುವ ಆಕ್ಸಲೇಟ್ ಇದಕ್ಕೆ ಕಾರಣ. ಅವರಲ್ಲಿ ಹಲವರಿಗೆ ಡಯಾಲಿಸಿಸ್ ಬೇಕಾಯಿತು. ಕೆಮ್ಮಿಗೆ ಜಗಿಯುವ ಅತಿಮಧುರವೂ ಹೆಚ್ಚು ದಿನ ತೆಗೆದುಕೊಂಡರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಬಿ.ಪಿ. ಮಾತ್ರೆ ನುಂಗುವ ರೋಗಿ ಅದನ್ನು ನಿಮ್ಮಲ್ಲಿ ಹೇಳದಿದ್ದರೆ, ನೀವು ಯಂತ್ರಕ್ಕೂ ಹೇಳಿರುವುದಿಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರಿಸುವುದೂ ಇಲ್ಲ.

2025ರ ಆಗಸ್ಟ್‌ನಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಕರಣವನ್ನೂ ಇಲ್ಲಿ ಹೇಳಬೇಕು. ಉಪ್ಪು ಆರೋಗ್ಯಕ್ಕೆ ಕೆಟ್ಟದ್ದೆಂದು ಓದಿದ 60 ವರ್ಷದ ವ್ಯಕ್ತಿಯೊಬ್ಬರು ಚಾಟ್‌ಜಿಪಿಟಿಯನ್ನು ವಿಚಾರಿಸಿ, ಅಡುಗೆ ಉಪ್ಪಿನ ಬದಲು ಸೋಡಿಯಂ ಬ್ರೋಮೈಡನ್ನು ಮೂರು ತಿಂಗಳು ತಿಂದರು. ಕೊನೆಗೆ ಪಕ್ಕದ ಮನೆಯವರು ತನಗೆ ವಿಷ ಹಾಕುತ್ತಿದ್ದಾರೆಂಬ ಭ್ರಮೆಯಿಂದ ಆಸ್ಪತ್ರೆ ಸೇರಿದರು. ಅವರು ನಡೆಸಿದ ಸಂಭಾಷಣೆ ವೈದ್ಯರಿಗೆ ಸಿಗಲಿಲ್ಲ, ಆದರೆ ವೈದ್ಯರು ತಾವೇ ಆ ಸಾಧನದ ಹಳೆಯ ಆವೃತ್ತಿಯಲ್ಲಿ ಕೇಳಿ ನೋಡಿದಾಗ ಕ್ಲೋರೈಡ್‌ಗೆ ಬದಲಿಯಾಗಿ ಬ್ರೋಮೈಡ್‌ನ ಹೆಸರು ಬಂದಿತ್ತು. ಬ್ರೋಮೈಡ್ ಶುಚಿಗೊಳಿಸುವ ಕೆಲಸಕ್ಕೂ ಬಳಕೆಯಾಗುವ ರಾಸಾಯನಿಕ. ಯಾವ ಉದ್ದೇಶಕ್ಕೆ ಎಂದು ಯಂತ್ರ ಮರುಪ್ರಶ್ನೆ ಹಾಕಲಿಲ್ಲ. ನಿಮ್ಮಲ್ಲಿಗೆ ಬರುವ ರೋಗಿಗಳೂ ಮೊಬೈಲಿನಲ್ಲಿ ಕೇಳಿಕೊಂಡೇ ಬರುತ್ತಿರಬಹುದು. "ಬೇರೆ ಏನೇನು ತೆಗೆದುಕೊಳ್ಳುತ್ತಿದ್ದೀರಿ, ಯಾರು ಹೇಳಿದ್ದು?" ಎಂದು ಬೈಯದೆ ಕೇಳುವ ಅಭ್ಯಾಸವಿರಲಿ.

ಪ್ರಚಾರದ ಕರಪತ್ರ ಇನ್ನೊಂದು ಗುಂಡಿ. ಎಐಗೆ ಕರಪತ್ರ ಬರೆಯಲು ಹೇಳಿದರೆ "ಮಧುಮೇಹ ಸಂಪೂರ್ಣ ಗುಣ" ಎಂಬಂತಹ ಸಾಲುಗಳು ಸುಲಭವಾಗಿ ನುಸುಳುತ್ತವೆ, ಜಾಹೀರಾತುಗಳನ್ನು ಓದಿಯೇ ಅದು ಕಲಿತಿದೆಯಲ್ಲ! ಆದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪ್ರಕಾರ ಮಧುಮೇಹ, ಕ್ಯಾನ್ಸರ್, ಪಾರ್ಶ್ವವಾಯು ಮುಂತಾದ ಪಟ್ಟಿಯಲ್ಲಿರುವ ರೋಗಗಳನ್ನು ಔಷಧದಿಂದ ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದು ಅಪರಾಧ. ಕರಪತ್ರದ ಕೆಳಗೆ ಇರುವುದು ನಿಮ್ಮ ಹೆಸರು, ಯಂತ್ರದ್ದಲ್ಲ. ಚರ್ಚ್ ಸೂಚನಾ ಫಲಕದಲ್ಲಿ ಅದನ್ನು ಅಂಟಿಸುವ ಮುನ್ನ ಧರ್ಮಗುರುಗಳೂ ಒಮ್ಮೆ ಕಣ್ಣಾಡಿಸುವುದು ಲೇಸು.

ಕೊನೆಯದಾಗಿ ಗೌಪ್ಯತೆ. ಸಣ್ಣ ಊರಿನಲ್ಲಿ ಯಾರ ಮನೆಯ ಸೊಸೆಗೆ ಯಾವ ತೊಂದರೆ ಎಂಬುದು ಹೊರಬೀಳಲು ಹೆಸರೇ ಬೇಕಾಗಿಲ್ಲ, ವಾರ್ಡು ಮತ್ತು ವಯಸ್ಸು ಸಾಕು. ಉಚಿತ ಎಐ ಸಾಧನಕ್ಕೆ ಹಾಕಿದ ಮಾತು ದೂರದ ಕಂಪ್ಯೂಟರಿನಲ್ಲಿ ಉಳಿಯಬಹುದು, ಮುಂದಿನ ತರಬೇತಿಗೂ ಬಳಕೆಯಾಗಬಹುದು. ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸುವ ಅವಕಾಶವಿದ್ದರೆ ಮೊದಲೇ ನಿಲ್ಲಿಸಿ. ಹೆಸರು, ಫೋನ್ ಸಂಖ್ಯೆ, ವಾರ್ಡು, ಫೋಟೋ ಯಾವುದನ್ನೂ ಹಾಕಬೇಡಿ, ದಾಖಲೆ ಸಂಖ್ಯೆ ಮಾತ್ರ ಸಾಕು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 2023ರಲ್ಲಿ ಬಂದಿದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕರ್ತವ್ಯಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿ ನೀಡಲಾಗಿದೆ. ರೋಗಿಯ ಒಪ್ಪಿಗೆ ಪಡೆಯುವ ಕ್ರಮವನ್ನು ಅಷ್ಟರೊಳಗೆ ರೂಢಿಸಿಕೊಳ್ಳಬಹುದು.

ಆರಂಭಿಸುವವರು ಮೊದಲ ತಿಂಗಳು ಮರುಭೇಟಿಯ ಪಟ್ಟಿಯೊಂದನ್ನೇ ಎಐಗೆ ಕೊಟ್ಟು ನೋಡಿ. ಹಳೆಯ ರಿಜಿಸ್ಟರ್ ಪುಸ್ತಕವನ್ನು ಮಾತ್ರ ಕಪಾಟಿನೊಳಗೆ ಇಡಬೇಡಿ. ಮಳೆಗಾಲದಲ್ಲಿ ಕರೆಂಟು ಹೋದ ದಿನ ಬೇಕಾಗುವುದು ಅದೇ.